ನನ್ನ ಹೆಸರಿನ ಕುಳಿ

ದಸರಾ ರಜೆಗೆಂದು ಬೆಂಗಳೂರಿನಿಂದ ಬಂದ ಮೊಮ್ಮಗಳು ನಡುಮನೆಯ ಚಾಪೆಯ ತುಂಬ ಪುಸ್ತಕ, ಬಣ್ಣದ ಪೆನ್ಸಿಲ್ಲು ಹರಡಿಕೊಂಡು ಕೂತಿದ್ದಳು. ನಾನು ಅವಳೆದುರಿಗೆ ಮೊರ ಇಟ್ಟುಕೊಂಡು ತೊಗರಿಬೇಳೆ ಆರಿಸುತ್ತಿದ್ದೆ. ಹೊಸಪೇಟೆಯ ಮಧ್ಯಾಹ್ನ ನಿಮಗೆ ಗೊತ್ತಲ್ಲ, ಫ್ಯಾನು ತಿರುಗಿದರೂ ಗಾಳಿ ಬಿಸಿ. ಎಂಟನೆಯ ತರಗತಿಯ ಹುಡುಗಿ, ಶಾಲೆಯಲ್ಲಿ ಗ್ರಹಗಳ ಚಂದ್ರರ ಬಗ್ಗೆ ಬರೆದುಕೊಂಡು ಬಾ ಎಂದಿದ್ದರಂತೆ. ನಮ್ಮ ಭೂಮಿಗೆ ಇರುವವನು ಒಬ್ಬನೇ ಚಂದಮಾಮ. ಯುರೇನಸ್ಸಿಗೆ 2025ರ ಹೊತ್ತಿಗೆ ಲೆಕ್ಕಕ್ಕೆ ಸಿಕ್ಕವರೇ 29 ಮಂದಿ!

"ಅಜ್ಜಿ, ಎಂಥೆಂಥ ಹೆಸರು ನೋಡು. ಜೂಲಿಯೆಟ್, ಡೆಸ್ಡಿಮೋನಾ, ಕಾರ್ಡೀಲಿಯಾ, ಒಫೀಲಿಯಾ, ಪೋರ್ಷಿಯಾ..." ಎಂದು ಓದತೊಡಗಿದಳು.

"ಅವರೆಲ್ಲ ನನಗ ಗೊತ್ತಿರೋ ಹುಡುಗೇರು" ಎಂದೆ, ಬೇಳೆಯಿಂದ ಕಣ್ಣೆತ್ತದೆ.

ಸುಳ್ಳು ಹೇಳಿದ್ದಲ್ಲ. ಎಪ್ಪತ್ತರ ದಶಕದಲ್ಲಿ ಬಳ್ಳಾರಿಯ ಕಾಲೇಜಿನಲ್ಲಿ ಓದುವಾಗ ಲ್ಯಾಂಬ್ ಅಣ್ಣ-ತಂಗಿ, ಅಲ್ಲ, ಅಕ್ಕ-ತಮ್ಮ ಬರೆದ ಷೇಕ್ಸ್‌ಪಿಯರ್ ಕಥೆಗಳ ಪುಸ್ತಕ ನನ್ನ ದಿಂಬಿನ ಕೆಳಗೇ ಇರುತ್ತಿತ್ತು. ಅಣ್ಣ-ತಂಗಿ ಎಂದು ಬಾಯಿಗೆ ಬಂದದ್ದಕ್ಕೂ ಕಾರಣವಿದೆ. ಮೇರಿ ಲ್ಯಾಂಬ್ ಹಿರಿಯಳು, ಇಪ್ಪತ್ತು ಕಥೆಗಳಲ್ಲಿ ಹದಿನಾಲ್ಕನ್ನು ಬರೆದವಳು ಅವಳೇ. ಆದರೆ 1807ರಲ್ಲಿ ಪುಸ್ತಕ ಅಚ್ಚಾದಾಗ ಮೇಲಿದ್ದದ್ದು ತಮ್ಮ ಚಾರ್ಲ್ಸ್‌ನ ಹೆಸರೊಂದೇ. ಇದು ನನಗೆ ಆಗ ತಿಳಿದಿರಲಿಲ್ಲ. ತಿಳಿದಿದ್ದರೂ ಆ ವಯಸ್ಸಿನಲ್ಲಿ ಅದು ಮನಸ್ಸಿಗೆ ತಟ್ಟುತ್ತಿತ್ತೋ ಇಲ್ಲವೋ.

ಬಳ್ಳಾರಿಗೆ ಷೇಕ್ಸ್‌ಪಿಯರ್ ಹೊಸಬನೇನಲ್ಲ. ವಕೀಲಿ ಮಾಡುತ್ತಲೇ ರಂಗವನ್ನು ಆಳಿದ ಬಳ್ಳಾರಿ ರಾಘವರು ಶೈಲಾಕನಾಗಿ, ಒಥೆಲೋ ಆಗಿ ಜನರ ಎದೆ ನಡುಗಿಸಿದವರು. ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕು ಎಂದು ಹಟ ಹಿಡಿದ ಮೊದಲಿಗರಲ್ಲಿ ಅವರೂ ಒಬ್ಬರು. ಇನ್ನು ಆ ಹುಡುಗಿಯರು ಕನ್ನಡಕ್ಕೆ ಬಂದಾಗ ಹೇಗೆ ಬಂದರು ಗೊತ್ತೇ? ಸೊಸೆಯರು ಬಂದ ಹಾಗೆ, ಹೊಸಲಿನಾಚೆಯೇ ಹಳೆಯ ಹೆಸರು ಬಿಟ್ಟು ಒಳಗೆ ಬಂದರು. 'ರಾಮವರ್ಮ ಲೀಲಾವತಿ'ಯಲ್ಲಿ ಜೂಲಿಯೆಟ್ ಲೀಲಾವತಿಯಾದಳು. ಕುವೆಂಪು ಅವರು 1932ರಲ್ಲಿ ಹ್ಯಾಮ್ಲೆಟ್ಟನ್ನು 'ರಕ್ತಾಕ್ಷಿ' ಮಾಡಿದಾಗ ಡೆನ್ಮಾರ್ಕಿನ ಅರಮನೆಯೇ ಬಿದನೂರಿಗೆ ಬಂತು. ಹೆಸರು ಬದಲಾದರೂ ಅವರ ಅಳು ಬದಲಾಗಲಿಲ್ಲ.

"ಹಾಗಾದ್ರೆ ಇವರನ್ನ ಆಕಾಶಕ್ಕೆ ಕಳಿಸಿದವರು ಯಾರು?" ಎಂದಳು ಮೊಮ್ಮಗಳು. ಅದನ್ನು ಅವಳೇ ಹುಡುಕಿ ಓದಿ ಹೇಳಿದಳು. ವಿಲಿಯಂ ಹರ್ಷೆಲ್ ಎಂಬಾತ 1781ರಲ್ಲಿ ಯುರೇನಸ್ ಗ್ರಹವನ್ನೂ 1787ರಲ್ಲಿ ಅದರ ಎರಡು ದೊಡ್ಡ ಚಂದ್ರರನ್ನೂ ಕಂಡ. ಕಂಡನೇ ಹೊರತು ಹೆಸರಿಡಲಿಲ್ಲ. ಅರವತ್ತು ವರ್ಷ ದಾಟಿದರೂ ಅವಕ್ಕೆ ನಾಮಕರಣವಾಗಲಿಲ್ಲ. 1851ರಲ್ಲಿ ಇನ್ನೆರಡು ಸಿಕ್ಕ ಮೇಲೆ ಹರ್ಷೆಲ್ಲನ ಮಗ ಜಾನ್ ಕೂತು ನಾಲ್ಕಕ್ಕೂ ಹೆಸರು ಹುಡುಕಿದ. ಬೇರೆ ಗ್ರಹಗಳ ಚಂದ್ರರಿಗೆಲ್ಲ ಗ್ರೀಕರ, ರೋಮನರ ಪುರಾಣದ ಹೆಸರು. ಇವನಿಗೆ ಹೊಳೆದದ್ದು ತನ್ನೂರಿನ ನಾಟಕದ ಯಕ್ಷ ಯಕ್ಷಿಣಿಯರು: ಟೈಟಾನಿಯಾ, ಓಬೆರಾನ್, ಏರಿಯಲ್. ಒಂದನ್ನು, ಅಂಬ್ರಿಯಲ್ ಎಂಬುದನ್ನು, ಪೋಪ್ ಕವಿಯ ಕಾವ್ಯದಿಂದ ತಂದ. 1948ರಲ್ಲಿ ಸಿಕ್ಕ ಐದನೆಯವಳು ಮಿರಾಂಡಾ. ಕೊನೆಗೆ 1986ರ ಜನವರಿಯಲ್ಲಿ ವಾಯೇಜರ್-2 ನೌಕೆ ಆ ಗ್ರಹದ ಪಕ್ಕದಲ್ಲೇ ಹಾದುಹೋದಾಗ ಪುಟ್ಟ ಪುಟ್ಟ ಚಂದ್ರರು ಗುಂಪಾಗಿ ಕಂಡರು. ಆಗ ಹೋದವರೇ ಈ ಜೂಲಿಯೆಟ್, ಡೆಸ್ಡಿಮೋನಾ ಎಲ್ಲ.

ನನಗೆ ನಗು ಬಂತು, ಸಂಕಟವೂ ಆಯಿತು. ಕರವಸ್ತ್ರವೊಂದರ ನೆಪದಲ್ಲಿ ಗಂಡನ ಕೈಯಿಂದಲೇ ಸತ್ತವಳು ಡೆಸ್ಡಿಮೋನಾ. ಅಪ್ಪನಿಗೆ ಮುಖಸ್ತುತಿ ಮಾಡಲಾರದೆ ಪಾಲು ಕಳೆದುಕೊಂಡವಳು ಕಾರ್ಡೀಲಿಯಾ. ನೀರಿಗೆ ಬಿದ್ದವಳು ಒಫೀಲಿಯಾ. ಯುರೇನಸ್ಸಿಗೆ ಉಂಗುರಗಳಿವೆ, ಅವುಗಳಲ್ಲೊಂದರ ಧೂಳು ಕಲ್ಲು ಚದುರಿಹೋಗದಂತೆ ಒಳಗಿನಿಂದ ಒಬ್ಬಳು ಹೊರಗಿನಿಂದ ಒಬ್ಬಳು ಕಾಯುತ್ತ ಸುತ್ತುತ್ತಾರಂತೆ. ಯಾರು ಅನ್ನುತ್ತೀರಿ? ಕಾರ್ಡೀಲಿಯಾ, ಒಫೀಲಿಯಾ. ಪಾಪ, ಬದುಕಿದ್ದಾಗ ಮದುವೆಯುಂಗುರವನ್ನೇ ಕಾಣದ ಒಫೀಲಿಯಾ ಈಗ ಆಕಾಶದಲ್ಲಿ ಉಂಗುರ ಕಾಯುತ್ತಿದ್ದಾಳೆ.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದವಳು ಪರ್ಡಿಟಾ. ಹೆಂಡತಿಯ ಮೇಲೆ ಅನುಮಾನಪಟ್ಟ ರಾಜನೊಬ್ಬ ಹಸುಗೂಸು ಮಗಳನ್ನು ದೂರದ ದಡದಲ್ಲಿ ಬಿಟ್ಟುಬರಲು ಅಪ್ಪಣೆ ಮಾಡುತ್ತಾನೆ. ಕುರುಬರ ಮನೆಯಲ್ಲಿ ಬೆಳೆದ ಆ ಹುಡುಗಿ ಹದಿನಾರು ವರ್ಷದ ಮೇಲೆ ತಾಯಿಗೆ ಸಿಗುತ್ತಾಳೆ. ಪರ್ಡಿಟಾ ಅಂದರೇ ಕಳೆದುಹೋದವಳು. ಆ ಹೆಸರಿನ ಚಂದ್ರನ ಕಥೆಯೂ ಹಾಗೆಯೇ. 1986ರ ಚಿತ್ರಗಳಲ್ಲಿ ಅವಳು ಇದ್ದಳು, ಆದರೆ ಯಾರೂ ಗುರುತಿಸಲಿಲ್ಲ. ಹದಿಮೂರು ವರ್ಷದ ಮೇಲೆ, 1999ರಲ್ಲಿ ಹಳೆಯ ಚಿತ್ರಗಳನ್ನು ಮತ್ತೆ ತಿರುವಿ ನೋಡಿದವರಿಗೆ ಕಂಡಳು. ಕಂಡರೂ ಖಾತ್ರಿಯಿಲ್ಲವೆಂದು ಪಟ್ಟಿಯಿಂದ ಬಿಟ್ಟರು. 2003ರಲ್ಲಿ ಹಬಲ್ ದೂರದರ್ಶಕ "ಹೌದು, ಇದ್ದಾಳೆ" ಎಂದ ಮೇಲೆಯೇ ಒಪ್ಪಿಕೊಂಡರು.

"ಚಿತ್ರದಾಗ ಇದ್ಲು, ನೋಡೋರಿಗೆ ಕಾಣಲಿಲ್ಲ ಅಷ್ಟ" ಎಂದೆ.

ಮೊಮ್ಮಗಳು ಪೆನ್ಸಿಲ್ಲು ಕಚ್ಚುತ್ತ ಕೇಳಿದಳು: "ಎಲ್ಲಾ ಅವರ ಕಡೆಯವರೇ ಆದರಲ್ಲ. ನಮ್ಮ ಕಥೆಯವರು ಯಾರೂ ಇಲ್ವಾ ಅಜ್ಜಿ?" ಎಂದವಳೇ ತಾತನ ಫೋನು ತೆಗೆದುಕೊಂಡು ಹುಡುಕತೊಡಗಿದಳು. ಸ್ವಲ್ಪ ಹೊತ್ತಿಗೆ ಕೂಗಿದಳು: "ಸಿಕ್ತು! ಪ್ಲೂಟೋನ ಚಂದ್ರನ ಮೇಲೆ ಒಂದು ಕುಳಿ. ಅದರ ಹೆಸರು ರೇವತಿ!"

ನನ್ನ ಕೈ ಮೊರದಲ್ಲೇ ನಿಂತಿತು.

ಈ ಮನೆಯಲ್ಲಿ ನನ್ನ ಹೆಸರು ಸುಮಿತ್ರಾ. ಓಣಿಯವರಿಗೆ ಸುಮಿತ್ರಕ್ಕ, ನಿವೃತ್ತಿಯಾಗುವವರೆಗೆ ಶಾಲೆಯಲ್ಲಿ ಸುಮಿತ್ರಾ ಟೀಚರು. ಆದರೆ ಕಂಪ್ಲಿಯಲ್ಲಿ, ಹೊಳೆಯ ಕಡೆಗೆ ಇಳಿಯುವ ಬೀದಿಯ ಮನೆಯಲ್ಲಿ ರೇವತಿ ನಕ್ಷತ್ರದಲ್ಲಿ ಹುಟ್ಟಿದವಳಿಗೆ ಅಪ್ಪ ಇಟ್ಟ ಹೆಸರು ರೇವತಿ. 1976ರಲ್ಲಿ ಮದುವೆಯಾದಾಗ ಅತ್ತೆಯ ಹೆಸರು ರೇವಮ್ಮ. ಮಗ ಹೆಂಡತಿಯನ್ನು ತಾಯಿಯ ಹೆಸರು ಹಿಡಿದು ಕೂಗುವುದೆಂತು? ಮದುವೆಯ ದಿನವೇ ಹಿರಿಯರು ಸುಮಿತ್ರಾ ಎಂದು ಹೆಸರಿಟ್ಟು ಸಕ್ಕರೆ ಹಂಚಿದರು. ನಾನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಸಿಹಿಯಾಗಿಯೇ ಇತ್ತು.

1979ರಲ್ಲಿ ಸಂಡೂರಿನ ಶಾಲೆಯೊಂದರಲ್ಲಿ ಕನ್ನಡ ಕಲಿಸುವ ಕೆಲಸ ಸಿಕ್ಕಿತು. ಸರ್ಟಿಫಿಕೇಟಿನಲ್ಲಿ ರೇವತಿ ಎಂದೇ ಇತ್ತಲ್ಲ, ಹಾಜರಿ ಪುಸ್ತಕದಲ್ಲೂ ಹಾಗೇ ಬರೆದರು. ಗುಡ್ಡಗಳ ನಡುವಿನ ದಾರಿಯಲ್ಲಿ ಬಸ್ಸು ಸಂಡೂರು ಮುಟ್ಟುವಷ್ಟರಲ್ಲಿ ಸೀರೆಯ ಅಂಚಿಗೆ ಅದಿರಿನ ಕೆಂಪು ಧೂಳು, ಕಿವಿಗೆ "ರೇವತಿ ಟೀಚರ್, ನಮಸ್ಕಾರ್ರೀ" ಎನ್ನುವ ಮಕ್ಕಳ ದನಿ. ಸಂಜೆ ಬಸ್ಸಿಳಿದು ಮನೆಗೆ ಬಂದು ಕಾಲು ತೊಳೆದರೆ ಧೂಳೂ ಹೋಗುತ್ತಿತ್ತು, ರೇವತಿಯೂ ಹೋಗುತ್ತಿದ್ದಳು. ಎರಡು ವರ್ಷ ಹೀಗೆ ನಡೆಯಿತು. ಪಾಸುಬುಕ್ಕಿನಲ್ಲಿ ಸುಮಿತ್ರಾ, ಕಚೇರಿಯ ಕಾಗದದಲ್ಲಿ ರೇವತಿ. ದುಡಿಯುವವಳು ಒಬ್ಬಳು, ಸಂಬಳ ಇನ್ನೊಬ್ಬಳಿಗೆ! ತಕರಾರು ಬಂತು. ಯಾವುದಾದರೂ ಒಂದು ಹೆಸರು ಇಟ್ಟುಕೊಳ್ಳಿ ಎಂದರು. ಯಾವುದು ಎಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂದು ನನಗೂ ತೋಚಲಿಲ್ಲ. ಛಾಪಾ ಕಾಗದದ ಮೇಲೆ ಸಹಿ ಮಾಡಿದೆ. ಮರುದಿನ ಹಾಜರಿ ಪುಸ್ತಕದಲ್ಲಿ ರೇವತಿಯ ಮೇಲೆ ಕೆಂಪು ಶಾಯಿಯ ಒಂದು ಗೆರೆ ಇತ್ತು.

ಆಮೇಲೆ ಆ ಹೆಸರನ್ನು ಉಳಿಸಿಕೊಂಡವಳು ಅವ್ವ ಒಬ್ಬಳೇ. ಕಂಪ್ಲಿಯಿಂದ ಹೊಸ ಅಕ್ಕಿಯ ಗಂಟು ಹೊತ್ತು ಬಂದರೆ ಬೀದಿಯ ಬಾಗಿಲಿನಿಂದಲೇ "ರೇವೂ" ಎಂದು ಕೂಗುತ್ತಿದ್ದಳು. ಅತ್ತೆ ಇದ್ದರೆ ಮಾತ್ರ ದನಿ ತಗ್ಗುತ್ತಿತ್ತು. 2016ರಲ್ಲಿ ಅವ್ವ ಹೋದಳು. ಅಂದಿನಿಂದ ನನ್ನನ್ನು ಯಾರೂ ರೇವತಿ ಎಂದು ಕರೆದಿರಲಿಲ್ಲ. ಈಗ ಮೊಮ್ಮಗಳ ಬಾಯಿಂದ, ಅವಳಿಗೇ ಗೊತ್ತಿಲ್ಲದೆ, ಆ ಹೆಸರು ಬಂದಿತ್ತು.

"ಯಾಕಜ್ಜಿ ಸುಮ್ಮನಾದೆ?" ಎಂದಳು. ಹೇಳಿದೆ. ಅವಳ ಕಣ್ಣು ಇಷ್ಟಗಲ ಆಯಿತು. ಆಮೇಲೆ ನಾವಿಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಆ ಫೋನಿನೊಳಗೆ ನನ್ನ ಕುಳಿಯನ್ನು ನೋಡಿದೆವು.

ಆ ಚಂದ್ರನ ಹೆಸರು ಕೇರಾನ್. ಸುಮಾರು 1,200 ಕಿಲೋಮೀಟರ್ ಅಡ್ಡಗಲ, ಪ್ಲೂಟೋನ ಅರ್ಧದಷ್ಟು. ಪ್ಲೂಟೋನನ್ನು 2006ರಲ್ಲಿ ಗ್ರಹಗಳ ಸಾಲಿನಿಂದ ಇಳಿಸಿ ಕುಬ್ಜಗ್ರಹ ಎಂದರು. ಅದಕ್ಕೆ ಚಂದ್ರನೇನೂ ಬಿಟ್ಟುಹೋಗಲಿಲ್ಲ. ಇಬ್ಬರೂ ಸದಾ ಒಬ್ಬರಿಗೊಬ್ಬರು ಅದದೇ ಮುಖ ತೋರಿಸುತ್ತ ಸುತ್ತುತ್ತಾರಂತೆ. "ನಿನ್ನ ತಾತ, ನಾನೂ ಹಂಗ ಐದೀವಿ" ಎಂದೆ. ಒಳಗಿನಿಂದ ಯಜಮಾನರು ಕೆಮ್ಮಿದರು. 2015ರ ಜುಲೈಯಲ್ಲಿ ನ್ಯೂ ಹೊರೈಜನ್ಸ್ ನೌಕೆ ಅಲ್ಲಿಗೆ ಹೋಗಿ ಚಿತ್ರ ತೆಗೆಯಿತು. 2018ರಲ್ಲಿ ಖಗೋಳಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಅಲ್ಲಿನ ಕುಳಿಗಳಿಗೆ ಕಥೆಗಳಲ್ಲಿ ದೂರ ಪಯಣ ಹೋದವರ ಹೆಸರುಗಳನ್ನಿಟ್ಟಿತು. ಸುಂಟರಗಾಳಿಯಲ್ಲಿ ಹಾರಿಹೋದ ಡೊರೊಥಿ, ಕಡಲೊಳಗೆ ತಿರುಗಿದ ಕ್ಯಾಪ್ಟನ್ ನೆಮೊ, ನಮ್ಮ ಪರಿಚಯದ ಮುಲ್ಲಾ ನಸ್ರುದ್ದೀನ್. ಅವರ ನಡುವೆ ಮಹಾಭಾರತದ ರೇವತಿ.

ಭಾಗವತದ ಕಥೆ ನಿಮಗೂ ನೆನಪಿರಬಹುದು. ಮಗಳಿಗೆ ತಕ್ಕ ವರ ಯಾರೆಂದು ಕೇಳಲು ಕಕುದ್ಮಿ ರಾಜ ರೇವತಿಯನ್ನು ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಂಧರ್ವರ ಹಾಡು ನಡೆದಿರುತ್ತದೆ. ಮುಗಿಯಲಿ ಎಂದು ಕಾಯುತ್ತಾರೆ. ಮುಗಿದ ಮೇಲೆ ಬ್ರಹ್ಮ ನಗುತ್ತಾನೆ: ನೀವು ಕಾದ ಹೊತ್ತಿನಲ್ಲಿ ಭೂಮಿಯ ಮೇಲೆ ಇಪ್ಪತ್ತೇಳು ಚತುರ್ಯುಗಗಳೇ ಕಳೆದವು, ನೀವು ಎಣಿಸಿಟ್ಟ ವರರು, ಅವರ ಮೊಮ್ಮಕ್ಕಳು ಯಾರೂ ಇಲ್ಲ. ಹಿಂದಿರುಗಿದ ರೇವತಿಗೆ ತವರಿನಲ್ಲಿ ತನ್ನ ಹೆಸರು ಹಿಡಿದು ಕರೆಯುವವರು ಒಬ್ಬರೂ ಉಳಿದಿರಲಿಲ್ಲ. ಚಿಕ್ಕಂದಿನಲ್ಲಿ ಈ ಕಥೆ ಕೇಳುವಾಗ ಬಲರಾಮನೊಡನೆ ಆದ ಮದುವೆಯೇ ಮುಖ್ಯ ಎನಿಸುತ್ತಿತ್ತು. ಈಗ ಆ ನಡುವಿನ ಸಾಲೇ ಚುಚ್ಚುತ್ತದೆ.

ಕೇರಾನ್ ಎಂದರೆ ಗ್ರೀಕರ ಪುರಾಣದಲ್ಲಿ ಸತ್ತವರನ್ನು ಹೊಳೆ ದಾಟಿಸುವ ಅಂಬಿಗ. ಆದರೆ 1978ರಲ್ಲಿ ಅದನ್ನು ಕಂಡುಹಿಡಿದ ಜೇಮ್ಸ್ ಕ್ರಿಸ್ಟಿ ಮೊದಲು ಯೋಚಿಸಿದ್ದು ಅಂಬಿಗನನ್ನಲ್ಲ, ತನ್ನ ಹೆಂಡತಿ ಷಾರ್ಲೀನಳನ್ನು. ಮನೆಯಲ್ಲಿ ಅವಳು 'ಷಾರ್'. ಅದಕ್ಕೊಂದು ಬಾಲ ಸೇರಿಸಿದ, ಅಂಬಿಗನ ಹೆಸರು ತಾನಾಗಿ ಹೊಂದಿಕೊಂಡಿತು. ಅಂಬಿಗನ ಹೆಸರಿನೊಳಗೆ ಒಬ್ಬ ಹೆಂಗಸು ಅಡಗಿ ಕೂತಿದ್ದಾಳೆ, ಹೇಳದೆ ಇದ್ದರೆ ಗೊತ್ತಾಗುವುದಿಲ್ಲ.

ಆಗ ಮೊಮ್ಮಗಳು ಕೇಳಿದಳು: "ನಿನ್ನ ಅಮ್ಮನ ಹೆಸರನ್ನೂ ಬದಲಾಯಿಸಿದ್ರಾ ಅಜ್ಜಿ?"

ಪಾರ್ವತಮ್ಮ, ಎನ್ನಲು ಹೋಗಿ ತಡೆದೆ. ಅದು ನಮ್ಮಪ್ಪನ ಮನೆಯವರು ಕರೆಯುತ್ತಿದ್ದ ಹೆಸರು. ಅದಕ್ಕೂ ಮೊದಲು? ಅರುವತ್ತು ವರ್ಷ ಅವ್ವನ ಮಗಳಾಗಿದ್ದೆ. ನನ್ನ ಹೆಸರು ಹೋಯಿತೆಂದು ಅವಳ ಮಡಿಲಲ್ಲಿ ಅತ್ತಿದ್ದೆ. ಅವಳನ್ನು ಒಂದು ಸಲವೂ ಕೇಳಿರಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಇಬ್ಬರೂ ಕಂಪ್ಲಿಗೆ ಹೊರಟೆವು. ಅವ್ವನ ತಂಗಿ, ನಮ್ಮ ಚಿಕ್ಕಮ್ಮ, ಇನ್ನೂ ಇದ್ದಾಳೆ. ತೊಂಬತ್ತರ ಹತ್ತಿರ. ಕಿವಿ ಮಂದ, ನೆನಪು ಚುರುಕು. ಪಡಸಾಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತ ಕೂತಿದ್ದವಳ ಕಿವಿಯ ಹತ್ತಿರ ಬಾಗಿ ಕೇಳಿದೆ.

"ಯಾಕಬೇ, ಈಗ ನೆಪ್ಪಾತೇನು?" ಎಂದು ನಕ್ಕಳು. "ಆಕಿ ಹೆಸರು ಹಂಪಮ್ಮ. ಹಂಪಿ ಜಾತ್ರಿಗಿ ಹರಕೆ ಹೊತ್ತು ಹುಟ್ಟಿದಾಕಿ. ನಿಮ್ಮಪ್ಪನ ಮನ್ಯಾಗ ಆಗಲೇ ಇಬ್ಬರು ಹಂಪಮ್ಮಾರು ಇದ್ರು. ಮೂರನೇದಾಕಿ ಬ್ಯಾಡಂತ ಪಾರ್ವತಿ ಮಾಡಿದ್ರು. ನಾ ಮಾತ್ರ ಸಾಯೋತನಕ ಹಂಪಕ್ಕ ಅಂತನ ಕರದೆ." ಕುಟ್ಟಾಣಿ ಪಕ್ಕಕ್ಕಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಈಗ ಆ ಹೆಸರು ಹಿಡಿದು ಕರಿಯೋಕ ಯಾರದಾರ?"

ತಿರುಗಿ ಬರುವಾಗ ಕಮಲಾಪುರದಲ್ಲಿ ಬಸ್ಸಿಳಿದು ಆಟೋ ಹಿಡಿದು ಹಂಪಿಗೆ ಹೋದೆವು. ಮೊಮ್ಮಗಳಿಗೆ ಸುತ್ತಲಿನ ಬೆಟ್ಟಗಳನ್ನು ತೋರಿಸಿದೆ. ಅದು ಮತಂಗ, ಅದು ಮಾಲ್ಯವಂತ, ಹೊಳೆಯಾಚೆ ಕಾಣುವುದು ಹನುಮಂತನ ತಾಯಿ ಅಂಜನೆಯ ಹೆಸರಿನ ಅಂಜನಾದ್ರಿ. ಸುಗ್ರೀವನ ಗುಹೆಯ ಹತ್ತಿರ ಬಂಡೆಯ ಮೇಲೊಂದು ಪಟ್ಟೆಯಿದೆ, ಸೀತೆಯ ಸೀರೆಯ ಗುರುತು ಎನ್ನುತ್ತಾರೆ. ದೂರದರ್ಶಕವಿಲ್ಲದ ಕಾಲದಲ್ಲಿ ನಮ್ಮ ಹಿರಿಯರೂ ಅದನ್ನೇ ಮಾಡಿದ್ದರಲ್ಲ, ಕಣ್ಣಿಗೆ ಕಂಡ ಕಲ್ಲಿಗೆಲ್ಲ ಕಥೆಯವರ ಹೆಸರು! ಹರ್ಷೆಲ್ಲನ ಮಗನಿಗಿಂತ ಎಷ್ಟೋ ಮೊದಲು.

ವಿರೂಪಾಕ್ಷನ ಗುಡಿಯಲ್ಲಿ ಪಂಪಾದೇವಿಯ ಮುಂದೆ ನಿಂತಾಗ ಒಂದು ಮಾತು ಹೊಳೆಯಿತು. ಕನ್ನಡದ ಟೀಚರಾಗಿ ಎಷ್ಟು ವರ್ಷ ಪಾಠ ಮಾಡಿದ್ದೇನೆ: ಪಾಲು ಹಾಲಾಯಿತು, ಪೂ ಹೂವಾಯಿತು, ಪಂಪೆ ಹಂಪೆಯಾಯಿತು. ತುಂಗಭದ್ರೆಯ ಹಳೆಯ ಹೆಸರೂ ಪಂಪೆಯೇ. ಈ ಊರು, ಈ ಹೊಳೆ ಎಲ್ಲ ಆ ಹೆಣ್ಣಿನ ಹೆಸರಿನವು. ಶಿವನನ್ನು ಬಯಸಿ ಹೇಮಕೂಟದಲ್ಲಿ ತಪಸ್ಸು ಮಾಡಿದಳಂತೆ. ಅವರ ನಿಶ್ಚಿತಾರ್ಥಕ್ಕೆ ಫಲಪೂಜೆ, ಚೈತ್ರದಲ್ಲಿ ಕಲ್ಯಾಣ, ವರ್ಷವರ್ಷವೂ ನಡೆಯುತ್ತದೆ. ಮದುವೆಯಾದ ಮೇಲೆ ಅವಳ ಹೆಸರೇನಾಯಿತು? ಏನೂ ಆಗಲಿಲ್ಲ. ಅವನ ಹೆಸರಾಯಿತು ಪಂಪಾಪತಿ! ಹೊಸಪೇಟೆ, ಬಳ್ಳಾರಿಯ ಕಡೆ ಓಣಿಗೊಬ್ಬ ಪಂಪಾಪತಿ ಇದ್ದಾನೆ. ಕೂಗಿದಾಗಲೆಲ್ಲ ಮೊದಲು ಬರುವುದು ಅವಳ ಹೆಸರು, ಆಮೇಲೆ ಗಂಡನೆಂಬ ಮಾತು. ನಮ್ಮೂರ ದೇವರಿಗೆ ಕೂಡಿಬಂದದ್ದು ನಮ್ಮ ಮನೆಗಳಿಗೆ ಏಕೆ ಕೂಡಿಬರಲಿಲ್ಲ?

ಹೊಳೆಯ ದಂಡೆಯಲ್ಲಿ ಸ್ವಲ್ಪ ಹೊತ್ತು ಕೂತೆವು. ಹರಿಗೋಲೊಂದು ತಿರುತಿರುಗುತ್ತ ಆಚೆ ದಡಕ್ಕೆ ಹೋಗುತ್ತಿತ್ತು. ಅವ್ವ ದಾಟಿಹೋದ ಹೊಳೆಯ ಅಂಬಿಗನ ನೆಲದ ಮೇಲೆ ಅವಳ ಮಗಳ ಹೆಸರಿನ ಕುಳಿಯೊಂದಿದೆ ಎಂದು ಅವಳಿಗೆ ಹೇಳುವಂತಿದ್ದರೆ! "ಹೆಸರಿಡಾಕ ತಗ್ಗೇ ಸಿಕ್ಕಿತೇನು ಅವರಿಗೆ?" ಎಂದು ಖಂಡಿತ ಬೈಯುತ್ತಿದ್ದಳು.

ಆ ರಾತ್ರಿ ತಮ್ಮನಿಗೆ ಫೋನು ಮಾಡಿದೆ. ಅವ್ವನ ಫೋಟೋದ ಕೆಳಗೆ ಹಂಪಮ್ಮ ಎಂದೂ ಬರೆಸೋಣ ಎಂದೆ. ಅವನು ಒಪ್ಪಲಿಲ್ಲ. "ಹೊಲದ ಕಾಗದಪತ್ರದಾಗೆಲ್ಲ ಪಾರ್ವತಮ್ಮ ಅಂತ ಐತಿ ಅಕ್ಕಾ. ಇನ್ನೊಂದು ಹೆಸರು ಹಚ್ಚಿದ್ರ ನಾಳೆ ತಕರಾರು ಬರ್ತಾವ. ಈಗ್ಯಾಕ ಅದೆಲ್ಲಾ?" ಅವನು ಹೇಳಿದ್ದರಲ್ಲೂ ಸುಳ್ಳಿಲ್ಲ. ಕಾಗದದ ತಕರಾರು ಏನೆಂದು ನನಗಿಂತ ಯಾರಿಗೆ ಚೆನ್ನಾಗಿ ಗೊತ್ತು? ಜಗಳ ಮಾಡಲಿಲ್ಲ.

ಸುಮಿತ್ರಾ ಎಂಬ ಹೆಸರಿನ ಮೇಲೂ ನನಗೀಗ ಸಿಟ್ಟಿಲ್ಲ. ಮಕ್ಕಳನ್ನು ಹೆತ್ತವಳು, ಸಾವಿರಾರು ಮಕ್ಕಳಿಗೆ ಅಕ್ಷರ ತಿದ್ದಿಸಿದವಳು ಅವಳೇ. ಅವಳಿಗೆ ಕೆಂಪು ಗೆರೆ ಎಳೆಯಲು ನನ್ನಿಂದಾಗದು. ಆದರೆ ಮೊಮ್ಮಗಳು ಊರಿಗೆ ಹೊರಡುವ ಮುಂಚೆ ನಮ್ಮ ಮನೆಯಲ್ಲಿರುವ ಅವ್ವನ ಫೋಟೋವನ್ನು ಗೋಡೆಯಿಂದ ಇಳಿಸಿದೆವು. ಹಿಂದಿನ ರಟ್ಟಿನ ಮೇಲೆ ಅವಳ ಕೈಯಿಂದಲೇ ಬರೆಸಿದೆ: ಹಂಪಮ್ಮ. ಅದರ ಕೆಳಗೆ, ಅವಳ ಮಗಳು ರೇವತಿ. ಅದರ ಕೆಳಗೆ ನನ್ನ ಮಗಳ ಹೆಸರು, ಆಮೇಲೆ ತನ್ನದು. ಬರೆದು ಮುಗಿಸಿ ಮತ್ತೆ ಮೊಳೆಗೆ ತೂಗುಹಾಕಿದೆವು.

ಮುಂದಿನಿಂದ ನೋಡುವವರಿಗೆ ಏನೂ ಕಾಣುವುದಿಲ್ಲ. ಮುಂದೆ ಯಾರಾದರೂ ಗೋಡೆಗೆ ಸುಣ್ಣ ಹೊಡೆಯಲು ಫೋಟೋ ಇಳಿಸುತ್ತಾರಲ್ಲ, ಆಗ ಓದಿಕೊಳ್ಳಲಿ.